ಪದಚರ್ಚೆ: ಕೆಪಾಸಿಟರ್ ‘ಲೀಕ್’ ಆಗುವುದಕ್ಕೆ ಸೋರಿಕೆ ಎಂದರೆ ಸಾಕೇ?

ಪ್ರಶ್ನೆ

ಹಳೆಯ ವಾಲ್ವ್ (ಗಾಜಿನ ಟ್ಯೂಬ್) ಗಿಟಾರ್ ಆಂಪ್ಲಿಫೈಯರ್ ಕೊಂಡವರು ಅದಕ್ಕೆ ಕರೆಂಟ್ ಕೊಡುವ ಮುಂಚೆ ಏನೇನು ನೋಡಬೇಕು ಎಂಬ ಕೈಪಿಡಿಯೊಂದನ್ನು ಕನ್ನಡಕ್ಕೆ ತರಲಾಗುತ್ತಿದೆ. ಮಾದರಿಗೆ ಇಟ್ಟುಕೊಂಡಿರುವುದು 1960ರ ದಶಕದ ನಡುವಿನ ಫೆಂಡರ್ ಡಿಲಕ್ಸ್ ರಿವರ್ಬ್, ಎಬಿ763 ಸರ್ಕ್ಯೂಟ್. ಮೂಲದಲ್ಲಿ ‘ಲೀಕ್’ ಮೂರು ಕಡೆ ಬರುತ್ತದೆ. ಫಿಲ್ಟರ್ ಕೆಪಾಸಿಟರ್ ಲೀಕ್ ಆಗಿದೆಯೇ ನೋಡಿ. ಕಪ್ಲಿಂಗ್ ಕೆಪಾಸಿಟರ್ ಲೀಕ್ ಆದರೆ ಔಟ್‌ಪುಟ್ ವಾಲ್ವ್ ಹಾಳಾಗುತ್ತದೆ. ಗ್ರೌಂಡ್ ಸ್ವಿಚ್ಚಿನ ಕೆಪಾಸಿಟರ್ ಲೀಕ್ ಆದರೆ ಶಾಕ್ ಹೊಡೆಯುತ್ತದೆ. ಕರಡಿನಲ್ಲಿ ಮೂರಕ್ಕೂ ‘ಸೋರಿಕೆ’ ಎಂದೇ ಇದೆ. ಓದಿದರೆ ಏನೋ ತಪ್ಪಿದೆ ಅನ್ನಿಸುತ್ತದೆ. ಜೊತೆಗೆ, ಕೆಪಾಸಿಟರಿಗೆ ‘ಧಾರಕ’, ವಾಲ್ವಿಗೆ ‘ಕವಾಟ’ ಬಳಸಬಹುದೇ? ಬಲ್ಲವರು ತಿಳಿಸಿ.

ಉತ್ತರ 1

ಕವಾಟ ಬೇಡ. ಅರ್ಥವೇನೋ ಸರಿಯಾಗಿದೆ: 1904ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಫ್ಲೆಮಿಂಗ್ ತಮ್ಮ ಡಯೋಡಿಗೆ ವಾಲ್ವ್ ಎಂದದ್ದು ಅದು ಕರೆಂಟನ್ನು ಒಂದೇ ದಿಕ್ಕಿಗೆ ಬಿಡುತ್ತದೆಂದೇ. ಆದರೆ ಕವಾಟ ಎಂದೊಡನೆ ಓದುವವರಿಗೆ ಹೃದಯ ನೆನಪಾಗುತ್ತದೆ. ‘ವಾಲ್ವ್ ರೇಡಿಯೋ’ ಕಾಲದಿಂದ ಬಾಯಿಗೆ ಹತ್ತಿದ ಮಾತು ಇರುವಾಗ ಹೊಸದೇಕೆ? ಬೆಂಗಳೂರಿನ ಬಿಇಎಲ್ ತಯಾರಿಸುತ್ತಿದ್ದ ಇಸಿಸಿ83 ಕೂಡ ವಾಲ್ವೇ, ಮತ್ತು ಈ ಆಂಪಿನ 12ಎಎಕ್ಸ್7 ವಾಲ್ವಿನ ಜಾಗದಲ್ಲಿ ನೇರವಾಗಿ ಕೂರುತ್ತದೆ. ಬರೀ ‘ಟ್ಯೂಬ್’ ಎಂದರೆ ಟ್ಯೂಬ್‌ಲೈಟ್ ಆದೀತು. ಧಾರಕವನ್ನು ಪರೀಕ್ಷೆ ಬರೆಯುವವರಿಗೆ ಬಿಡಿ. ರಿಪೇರಿ ಅಂಗಡಿಯಲ್ಲಿ ಕೇಳಿ ತರಬೇಕಾದದ್ದು ಕೆಪಾಸಿಟರ್, ಹಳಬರ ಬಾಯಲ್ಲಿ ಕಂಡೆನ್ಸರ್.

ಇನ್ನು ಲೀಕ್. ಮೂರೂ ಬೇರೆ ಬೇರೆ ಸಂಗತಿಗಳು. ಮೊದಲನೆಯದು ಕಣ್ಣಿಗೆ ಕಾಣುತ್ತದೆ, ಎರಡನೆಯದು ಮೀಟರಿಗೆ ಮಾತ್ರ ಗೊತ್ತಾಗುತ್ತದೆ, ಮೂರನೆಯದು ಲೀಕೇ ಅಲ್ಲ.

ಫಿಲ್ಟರ್ ಕೆಪಾಸಿಟರುಗಳು (ಒಳಗಿನ ಡಿಸಿಯ ಏರಿಳಿತವನ್ನು ಸಮ ಮಾಡುವವು) ಷಾಸಿಯ, ಅಂದರೆ ಆಂಪಿನ ಲೋಹದ ಚೌಕಟ್ಟಿನ ಮೇಲೆ ತಗಡಿನ ಮುಚ್ಚಳದ ಕೆಳಗೆ ಇರುತ್ತವೆ. 16 ಮೈಕ್ರೋಫ್ಯಾರಡ್, 450 ವೋಲ್ಟಿನ ಐದು. ಇವುಗಳೊಳಗಿನ ದ್ರವ ವರ್ಷಗಟ್ಟಲೆ ತುದಿಯಿಂದ ಹೊರಬಂದು ಅಲ್ಲಲ್ಲೇ ಒಣಗಿ ಕಂದು ಅಂಟಾಗಿಯೋ ಬಿಳಿ ಪುಡಿಯಾಗಿಯೋ ಕೂತಿರುತ್ತದೆ. ‘ಸೋರಿದೆಯೇ’ ಎಂದು ಕೇಳಿದರೆ ಓದುವವರು ಹನಿ ಹುಡುಕುತ್ತಾರೆ, ಕಾಣದಿದ್ದರೆ ಸರಿಯಿದೆ ಎಂದುಕೊಳ್ಳುತ್ತಾರೆ. ಇಲ್ಲಿ ಬೇಕಾದ ಮಾತು ‘ಒಸರು’. ‘ತುದಿಯಲ್ಲಿ ಒಸರಿದ ಗುರುತು, ಅಂಟು, ಉಬ್ಬು ಇದೆಯೇ ನೋಡಿ’ ಎಂದು ಬರೆಯಿರಿ. ಒಸರದಿದ್ದರೂ ಐವತ್ತು ವರ್ಷ ದಾಟಿದ, ಇಂಥ ದ್ರವ ತುಂಬಿದ ಎಲೆಕ್ಟ್ರೋಲೈಟಿಕ್‌ಗಳನ್ನು ನಂಬುವಂತಿಲ್ಲ, ಐದನ್ನೂ ಒಟ್ಟಿಗೆ ಬದಲಿಸಬೇಕು. ಹೊಸವು 16 ಅಥವಾ 22 ಮೈಕ್ರೋಫ್ಯಾರಡ್, 500 ವೋಲ್ಟ್ ಇರಲಿ.

ಮುಚ್ಚಳ ತೆಗೆದ ಮೇಲೆ ಬರುವ ‘ಡಿಸ್ಚಾರ್ಜ್’ (ಕೆಪಾಸಿಟರಿನಲ್ಲಿ ಉಳಿದಿರುವ ಕರೆಂಟನ್ನು ಇಳಿಸುವುದು) ಶಬ್ದವನ್ನು ಹಾಗೇ ಇಡಿ. ಪಠ್ಯಪುಸ್ತಕದ ‘ವಿಸರ್ಜನೆ’ ಗಣಪತಿಗಿರಲಿ. ಪ್ಲಗ್ ಕಿತ್ತ ಮೇಲೆ 10 ಕಿಲೋಓಮ್, 5 ವಾಟ್ ರೆಸಿಸ್ಟರಿನ ಒಂದು ತುದಿಯನ್ನು ಕ್ಲಿಪ್ಪಿನಿಂದ ಷಾಸಿಗೆ ಕಚ್ಚಿಸಿ, ಇನ್ನೊಂದನ್ನು ಪ್ರತಿ ಕೆಪಾಸಿಟರಿನ ಪ್ಲಸ್ ತುದಿಗೆ ಹತ್ತು ಸೆಕೆಂಡ್ ಹಿಡಿಯಬೇಕು, ಆಮೇಲೆ ಡಿಸಿ ವೋಲ್ಟೇಜ್ ಅಳೆಯಬೇಕು. ‘ಡಿಸ್ಚಾರ್ಜ್ ಮಾಡಿ’ ಎಂದಷ್ಟೇ ಬರೆದರೆ ಸ್ಕ್ರೂಡ್ರೈವರ್ ಇಟ್ಟು ಕಿಡಿ ಹಾರಿಸುವವರೇ ಹೆಚ್ಚು.

ಕಪ್ಲಿಂಗ್ ಕೆಪಾಸಿಟರಿನದು ನಿಜವಾದ ಸೋರಿಕೆ, ಆದರೆ ‘ಡಿಸಿ ಸೋರಿಕೆ’ ಎಂದು ಬಿಡಿಸಿ ಹೇಳಬೇಕು. 0.1 ಮೈಕ್ರೋಫ್ಯಾರಡ್, 600 ವೋಲ್ಟಿನ ಈ ಕೆಪಾಸಿಟರಿನ ಕೆಲಸ ಎಸಿ ಸಿಗ್ನಲನ್ನು ದಾಟಿಸಿ ಡಿಸಿಯನ್ನು ತಡೆಯುವುದು. ತಡೆಯದೆ ಬಿಟ್ಟರೆ ಔಟ್‌ಪುಟ್ ವಾಲ್ವಾದ 6ವಿ6ರ ಗ್ರಿಡ್ (ಕರೆಂಟನ್ನು ಹಿಡಿತದಲ್ಲಿಡುವ ಜಾಲರಿ) ಇರಬೇಕಾದ ಮೈನಸ್ 35 ವೋಲ್ಟಿನಿಂದ ಸೊನ್ನೆಯತ್ತ ಜಾರುತ್ತದೆ, ವಾಲ್ವ್ ಮಿತಿಮೀರಿ ಕರೆಂಟ್ ಎಳೆಯುತ್ತದೆ. ಹೊರಗಿನಿಂದ ನೋಡಿದರೆ ಕೆಪಾಸಿಟರ್ ಹೊಸದರಂತೆಯೇ ಇರುತ್ತದೆ. ಹೊಸ ಫಿಲ್ಟರ್ ಕೆಪಾಸಿಟರ್ ಹಾಕಿದ ಮೇಲೆ, ಎರಡೂ 6ವಿ6 ಕಿತ್ತಿಟ್ಟು, ಗ್ರಿಡ್ ಕಡೆಯ ಕಾಲನ್ನು ಮಾತ್ರ ಬಿಡಿಸಿ, ಆ ಕಾಲಿಗೂ ಷಾಸಿಗೂ ನಡುವೆ ಡಿಸಿ ನೋಡಬೇಕು. ಮುಳ್ಳು ಒಮ್ಮೆ ಜಿಗಿದು ಸೊನ್ನೆಯ ಹತ್ತಿರ ಇಳಿದರೆ ಸರಿ. ಕೆಲವು ವೋಲ್ಟ್ ಹಾಗೇ ನಿಂತರೆ ಬದಲಿಸಬೇಕು. 6ವಿ6 ಇಲ್ಲದಾಗ ಲೋಡ್ ಇಳಿದು ಒಳಗಿನ ವೋಲ್ಟೇಜ್ ಏರುತ್ತದೆ. ಹಳೆ ಫಿಲ್ಟರುಗಳನ್ನು ಇಟ್ಟುಕೊಂಡು ಈ ಪರೀಕ್ಷೆ ಮಾಡಬಾರದು ಎನ್ನುವುದು ಅದಕ್ಕೇ.

ಇದೇ ಜಾಗದಲ್ಲಿ ಕರಡಿನಲ್ಲಿ ‘ವಾಲ್ವ್ ಕೆಂಪಾದರೆ ಆಫ್ ಮಾಡಿ’ ಎಂದಿದ್ದರೆ ತಿದ್ದಿ. ಹೀಟರ್ ಕಿತ್ತಳೆ ಬಣ್ಣಕ್ಕೆ ಉರಿಯದ ವಾಲ್ವ್ ಕೆಲಸವನ್ನೇ ಮಾಡದು. ಅಪಾಯ ಇರುವುದು ಒಳಗಿನ ಬೂದು ಬಣ್ಣದ ಲೋಹದ ಹೊದಿಕೆ, ಅಂದರೆ ಪ್ಲೇಟ್, ಕೆಂಪಗೆ ಕಾದಾಗ. ಪ್ಲೇಟ್ ಪ್ಲೇಟಾಗಿಯೇ ಇರಲಿ, ತಟ್ಟೆ ಬೇಡ.

ಮೂರನೆಯದು ಗ್ರೌಂಡ್ ಸ್ವಿಚ್ಚಿನ 0.047 ಮೈಕ್ರೋಫ್ಯಾರಡ್. ಎರಡು ಪಿನ್ನಿನ ಪ್ಲಗ್ ಇದ್ದ ಕಾಲದಲ್ಲಿ ಗುಂಯ್‌ಗುಡುವಿಕೆ ಕಡಿಮೆ ಮಾಡಲು ಮೇನ್ಸಿನ ಒಂದು ತಂತಿಯಿಂದ ಷಾಸಿಗೆ ಇದನ್ನು ಜೋಡಿಸುತ್ತಿದ್ದರು. ಕೆಪಾಸಿಟರ್ ಚೆನ್ನಾಗಿದ್ದಾಗಲೂ 120 ವೋಲ್ಟ್, 60 ಹರ್ಟ್ಸ್‌ನಲ್ಲಿ ಸುಮಾರು 2 ಮಿಲಿಆಂಪಿಯರ್ ದಾಟಿಸುತ್ತದೆ. ಅದು ಅದರ ಕೆಲಸ, ಸೋರಿಕೆಯಲ್ಲ. ಕೆಟ್ಟರೆ ಶಾರ್ಟ್ ಆಗಿ ಇಡೀ ಮೇನ್ಸ್ ಗಿಟಾರಿನ ತಂತಿಗೆ ಬರುತ್ತದೆ. ಇಲ್ಲಿ ‘ಷಾಸಿಗೆ ಕರೆಂಟ್ ಬರುತ್ತದೆ’ ಎಂದೇ ಬರೆಯಿರಿ. ಮಾತಿನಲ್ಲಿ ‘ಬಾಡಿಗೆ ಕರೆಂಟ್’ ಅನ್ನುವುದುಂಟು, ಅಚ್ಚಿನಲ್ಲಿ ಅದು ತಿಂಗಳ ಬಾಡಿಗೆಯಂತೆ ಓದಿಸಿಕೊಳ್ಳುತ್ತದೆ! ಈ ಕೆಪಾಸಿಟರನ್ನು ಕಿತ್ತು, ಮೂರು ಕೋರಿನ ವೈರ್ ಹಾಕಿ, ಹಸಿರನ್ನು ಷಾಸಿಗೆ ಅದಕ್ಕೇ ಮೀಸಲಾದ ಬೋಲ್ಟಿನಲ್ಲಿ ಬಿಗಿದು, ಫೇಸನ್ನು ಮೊದಲು ಫ್ಯೂಸಿಗೆ, ಅಲ್ಲಿಂದ ಸ್ವಿಚ್ಚಿಗೆ ಒಯ್ಯಬೇಕು. ನಮ್ಮ 230 ವೋಲ್ಟನ್ನು ಇಳಿಸುವ ಅಗ್ಗದ ಸ್ಟೆಪ್‌ಡೌನ್‌ಗಳಲ್ಲಿ ಹಲವು ಆಟೋ ಟ್ರಾನ್ಸ್‌ಫಾರ್ಮರುಗಳು. ಅವು ಮೇನ್ಸಿನಿಂದ ಬೇರ್ಪಡಿಸುವುದಿಲ್ಲ ಎಂಬ ಎಚ್ಚರಿಕೆಯೂ ಇದೇ ಪ್ಯಾರಾದಲ್ಲಿ ಇರಲಿ.

ಉತ್ತರ 2

ಮೇಲಿನದಕ್ಕೆ ಒಂದು ಸೇರ್ಪಡೆ. ಇಂಥ ಕೈಪಿಡಿಗಳಲ್ಲಿ ‘ವೇರಿಯಾಕ್‌ನಿಂದ ನಿಧಾನವಾಗಿ ವೋಲ್ಟೇಜ್ ಏರಿಸಿ’ ಎಂಬ ಸಾಲು ಇದ್ದೇ ಇರುತ್ತದೆ. ವೇರಿಯಾಕ್ ಅಂದರೆ ವೋಲ್ಟೇಜನ್ನು ಬೇಕಾದಷ್ಟಕ್ಕೆ ಏರಿಳಿಸುವ ಟ್ರಾನ್ಸ್‌ಫಾರ್ಮರ್. ನಮ್ಮ ಅಂಗಡಿಗಳಲ್ಲಿ ಅದಕ್ಕೆ ಡಿಮ್ಮರ್‌ಸ್ಟ್ಯಾಟ್ ಅನ್ನುತ್ತಾರೆ, ಹಾಗೆಯೇ ಬರೆಯಿರಿ. ಆದರೆ ಈ ಆಂಪಿನಲ್ಲಿ ಆ ‘ನಿಧಾನವಾಗಿ’ ಮೋಸ ಮಾಡುತ್ತದೆ. ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಜಿಝಡ್34 ವಾಲ್ವ್ ಆದ್ದರಿಂದ ಅದರ ಹೀಟರ್ ಸಾಕಷ್ಟು ಕಾಯುವ ತನಕ ಕೆಪಾಸಿಟರುಗಳಿಗೆ ಏನೂ ತಲುಪುವುದಿಲ್ಲ, ಕಾದ ಮೇಲೆ ಇನ್ನೂರು ಮುನ್ನೂರು ವೋಲ್ಟ್ ಒಟ್ಟಿಗೇ ಬಂದುಬಿಡುತ್ತದೆ.

ಅದಕ್ಕಿಂತ ಎಲೆಕ್ಟ್ರಿಷಿಯನ್ನರ ‘ಸೀರೀಸ್ ಬೋರ್ಡ್’ ವಾಸಿ, ಪದವೂ ಎಲ್ಲರಿಗೂ ಗೊತ್ತು. ಗೋಡೆಯ ಸಾಕೆಟ್ಟಿಗೂ ಸ್ಟೆಪ್‌ಡೌನ್‌ಗೂ ನಡುವೆ 100 ವಾಟಿನ ತಂತಿ ಬಲ್ಬ್, ಎಲ್‌ಇಡಿ ಆಗದು. ಸ್ವಿಚ್ ಹಾಕಿದೊಡನೆ ಬಲ್ಬ್ ಜಗ್ಗನೆ ಹೊತ್ತಿ ಮಂಕಾದರೆ ಮುಂದುವರಿಯಬಹುದು. ರೆಕ್ಟಿಫೈಯರ್ ಕಾದಾಗ ಇನ್ನೊಮ್ಮೆ ಸ್ವಲ್ಪ ಹೊಳೆಯುವುದು ಸಹಜ. ಮಂಕಾಗದೆ ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಎಲ್ಲೋ ಶಾರ್ಟ್. ಮೊದಲು ಜಿಝಡ್34 ಕಿತ್ತು ಮತ್ತೆ ನೋಡಬೇಕು: ಆಗ ಮಂಕಾದರೆ ದೋಷ ಆ ವಾಲ್ವಿನಲ್ಲೋ ಅದರ ಮುಂದಿನ ಭಾಗದಲ್ಲೋ, ಆಗಲೂ ಉರಿದರೆ ಪವರ್ ಟ್ರಾನ್ಸ್‌ಫಾರ್ಮರಿನಲ್ಲೋ ಹೀಟರ್ ವೈರಿಂಗಿನಲ್ಲೋ.