ಅಪ್‌ಡೇಟ್: ಕ್ವಾರ್ಟರ್ಸೋ, ಹೊರಗಿನ ಮನೆಯೋ? ಅಂತೂ ಮನೆ ಸಿಕ್ಕಿತು

ಗಂಡನಿಗೆ ಸೇನೆಯಲ್ಲಿ ವರ್ಗಾವಣೆ ಆಗಿದೆ, ಕ್ವಾರ್ಟರ್ಸ್‌ಗೆ ಕಾಯೋದಾ, ಹೊರಗೆ ಬಾಡಿಗೆಗೆ ಹಿಡಿಯೋದಾ ಅಂತ 15 ದಿನದ ಹಿಂದೆ ಇಲ್ಲಿ ಕೇಳಿದ್ದೆ. ಹೊರಗೇ ಹಿಡಿದೆವು.

"ಮೊದಲು ಗೆಸ್ಟ್ ಹೌಸ್‌ನಲ್ಲಿದ್ದು, ಡ್ಯೂಟಿ ಹೊತ್ತಿಗೇ ಗಾಡಿ ಓಡಿಸಿ ನೋಡಿ" ಅಂದವರಿಗೆ ದೊಡ್ಡ ಥ್ಯಾಂಕ್ಸ್. ಮ್ಯಾಪ್‌ನಲ್ಲಿ 10 ನಿಮಿಷ ಅಂತಿದ್ದ ಮನೆಯಿಂದ ಬೆಳಿಗ್ಗೆ ಆರೂವರೆಗೆ ಹೊರಟರೆ 40 ನಿಮಿಷ! ಕಾರಣ ಗೊತ್ತಾ? ಸೇನಾ ನೆಲೆಗೆ ಆ ಕಡೆಯಿಂದ ಇರೋ ಗೇಟ್ ತೆರೆಯೋದೇ 8 ಗಂಟೆಗೆ. ಸುತ್ತಿಕೊಂಡು ಮುಖ್ಯ ಗೇಟಿಗೆ ಹೋಗಿ ಕ್ಯೂ ನಿಲ್ಲಬೇಕು. ಹತ್ತಿರದ ಮನೆ ಅಂತ ಸುಮ್ನೆ ಖುಷಿಪಟ್ಟಿದ್ದೆ.

ವಿಡಿಯೊ ಕಾಲ್‌ನಲ್ಲೇ ಮನೆ ಆರಿಸೋ ಸಲಹೆ ನಮಗೆ ಕೈಕೊಟ್ಟಿತು. ಗೋಡೆಯ ತೇವ ಅದರಲ್ಲಿ ಕಾಣಲೇ ಇಲ್ಲ, ಮುಗ್ಗಲು ವಾಸನೆಯಂತೂ ಬಿಡಿ.

ವರ್ಗಾವಣೆ ಆದೇಶ ಬಂದರೆ ದಂಡವಿಲ್ಲದೆ ಮನೆ ಬಿಡಬಹುದು ಅನ್ನೋ ಸಾಲನ್ನು ಕರಾರಿಗೆ ಸೇರಿಸಿದೆವು. ಮಾಲೀಕರು ಗೊಣಗದೆ ಒಪ್ಪಿದರು. ಕ್ವಾರ್ಟರ್ಸ್ ಪಟ್ಟಿಯಲ್ಲಿ ಹೆಸರು ಹಾಗೇ ಇದೆ, ನೋಡೋಣ.