ಪೊಲೀಸ್ ಇಲಾಖೆಯಲ್ಲಿ ಓವರ್‌ಟೈಮ್ ಲೆಕ್ಕ ತಪ್ಪಿದಾಗ: ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಮೇಡಂ. ಅಮೆರಿಕದ ಒಂದು ನಗರದ ಪೊಲೀಸ್ ಇಲಾಖೆಯಲ್ಲಿ ರಾತ್ರಿ ಪಾಳಿಯ ಗಸ್ತಿನಲ್ಲಿದ್ದೇನೆ. ಪಾಳಿಗೆ ಹದಿನೈದು ನಿಮಿಷ ಮೊದಲೇ ರೋಲ್‌ಕಾಲ್‌ಗೆ ನಿಲ್ಲಬೇಕು, ಅದು ಲೆಕ್ಕಕ್ಕೇ ಬರುವುದಿಲ್ಲ. ಸಾಕ್ಷಿ ಹೇಳಲು ಕೋರ್ಟಿನಲ್ಲಿ 2 ಗಂಟೆ 40 ನಿಮಿಷ ಕಳೆದರೆ ವೇತನ ಚೀಟಿಯಲ್ಲಿ ಎರಡೂವರೆ ಗಂಟೆ ಬಂದಿದೆ. ಪಾಳಿ ಮುಗಿದ ಮೇಲೆ ವರದಿ ಬರೆದ ಹೊತ್ತನ್ನು ಅನುಮತಿ ಇರಲಿಲ್ಲವೆಂದು ಸಾರ್ಜೆಂಟ್ ಅಳಿಸಿಹಾಕಿದ್ದಾರೆ. ಕೇಳಿದರೆ ಮುಂದಿನ ಸಂಬಳದಲ್ಲಿ ನೋಡೋಣ ಎನ್ನುತ್ತಾರೆ. ಸೇರಿ ಹೆಚ್ಚು ಕಾಲವಾಗಿಲ್ಲ, ತಕರಾರಿನವನೆಂಬ ಹೆಸರು ಬರುವ ಭಯವಿದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ನಗರಾಡಳಿತದ ವೇತನ ಲೆಕ್ಕಪರಿಶೋಧನೆ ನನ್ನ ಕೆಲಸ. ಇಂಥ ಕಡತಗಳನ್ನು ದಿನವೂ ನೋಡುತ್ತೇನೆ. ಮೊದಲು ಆ ಭಯವನ್ನು ಬಿಡಿ. ದುಡಿದ ಹೊತ್ತನ್ನು ಸರಿಯಾಗಿ ದಾಖಲಿಸುವುದು ಉದ್ಯೋಗದಾತರ ಹೊಣೆ. ಅದನ್ನು ಸರಿಪಡಿಸಿ ಎನ್ನುವುದು ತಕರಾರಲ್ಲ. ಕನಿಷ್ಠ ವೇತನ, ಓವರ್‌ಟೈಮ್ ನಿಯಮಗಳನ್ನು ಹೇಳುವ 1938ರ ಫೇರ್ ಲೇಬರ್ ಸ್ಟ್ಯಾಂಡರ್ಡ್ಸ್ ಕಾಯ್ದೆ ನಗರಾಡಳಿತಗಳಿಗೂ ಅನ್ವಯಿಸುತ್ತದೆ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1985ರಲ್ಲೇ ತೀರ್ಪು ಕೊಟ್ಟಿದೆ. ದೂರು ಕೊಟ್ಟವರ ಮೇಲೆ ಸೇಡು ತೀರಿಸಿಕೊಳ್ಳುವುದನ್ನೂ ಅದೇ ಕಾಯ್ದೆ ನಿಷೇಧಿಸುತ್ತದೆ.

ಕಡ್ಡಾಯ ರೋಲ್‌ಕಾಲ್ ಕೆಲಸದ ಹೊತ್ತೇ. ಕರ್ತವ್ಯದ ಭಾಗವಾಗಿ ಕೋರ್ಟಿಗೆ ಹೋದದ್ದೂ ಹಾಗೆಯೇ. ಇನ್ನು ಅಳಿಸಿದ ವರದಿಯ ಹೊತ್ತು. ಅನುಮತಿಯಿಲ್ಲದೆ ದುಡಿದದ್ದಕ್ಕೆ ಶಿಸ್ತುಕ್ರಮ ಕೈಗೊಳ್ಳಬಹುದು, ಆದರೆ ನೀವು ದುಡಿಯುತ್ತಿರುವುದು ಗೊತ್ತಿದ್ದೂ ತಡೆಯದೆ ಬಿಟ್ಟಮೇಲೆ ಹಣ ಕೊಡಲೇಬೇಕು. ಅಳಿಸುವ ಅಧಿಕಾರ ಯಾರಿಗೂ ಇಲ್ಲ. ಕೋರ್ಟಿನ ಹತ್ತು ನಿಮಿಷ ಎಲ್ಲಿ ಹೋಯಿತೆಂದರೆ, ನಿಮ್ಮ ತಂತ್ರಾಂಶ ಕಾಲು ಗಂಟೆಯ ಲೆಕ್ಕದಲ್ಲಿ ಸದಾ ಕೆಳಕ್ಕೇ ಇಳಿಸುತ್ತಿರುವಂತೆ ಕಾಣುತ್ತದೆ. ಹತ್ತಿರದ ಕಾಲು ಗಂಟೆಗೆ ಹೊಂದಿಸಲು ನಿಯಮದಲ್ಲಿ ಅವಕಾಶವಿದೆ, ಆದರೆ ಕಾಲಕ್ರಮದಲ್ಲಿ ಏರಿಳಿತ ಸರಿದೂಗಬೇಕು. 2 ಗಂಟೆ 40 ನಿಮಿಷಕ್ಕೆ ಹತ್ತಿರದ ಕಾಲು ಗಂಟೆ 2 ಗಂಟೆ 45 ನಿಮಿಷ, ಎರಡೂವರೆ ಅಲ್ಲ. ಹೀಗೆ ಒಂದೇ ದಿಕ್ಕಿಗೆ ಜಾರುವ ಲೆಕ್ಕ ನಿಮ್ಮೊಬ್ಬರದೇ ಆಗಿರುವುದಿಲ್ಲ, ಸಹೋದ್ಯೋಗಿಗಳ ಚೀಟಿಯನ್ನೂ ವಿಚಾರಿಸಿ.

ಈಗ ಮುಖ್ಯ ಮಾತು. ಪೊಲೀಸರಿಗೆ ವಾರಕ್ಕೆ 40 ಗಂಟೆಯ ಮಿತಿಯ ಬದಲು 28 ದಿನಗಳ ಅವಧಿಗೆ 171 ಗಂಟೆಯ ಮಿತಿ ಇಟ್ಟುಕೊಳ್ಳಲು ಕಾಯ್ದೆ ಬಿಡುತ್ತದೆ. ನಿಮ್ಮದು ಎಂಟು ಗಂಟೆಯ 20 ಪಾಳಿ, ಅಂದರೆ 160 ಗಂಟೆ ಎಂದಿಟ್ಟುಕೊಳ್ಳಿ. ರೋಲ್‌ಕಾಲ್ ಸೇರಿಸಿದರೆ ಇನ್ನೂ 5, ಕೋರ್ಟ್ ಮತ್ತು ವರದಿ ಸೇರಿ 12 ಎನ್ನೋಣ. ಒಟ್ಟು 177. ಕಾಯ್ದೆಯ ಪ್ರಕಾರ ಒಂದೂವರೆ ಪಟ್ಟು ದರ ಸಿಗುವುದು ಕೊನೆಯ 6 ಗಂಟೆಗೆ, ನಡುವಿನ 11 ಗಂಟೆಗೆ ಮಾಮೂಲಿ ದರ. ಆದರೆ ನಿಮ್ಮ ಸಂಘದ ಒಪ್ಪಂದದಲ್ಲಿ ಪಾಳಿ ಮೀರಿದ ಪ್ರತಿ ನಿಮಿಷಕ್ಕೂ ಒಂದೂವರೆ ಪಟ್ಟು ಎಂದಿದ್ದರೆ 17 ಗಂಟೆಗೂ ಸಿಗಬೇಕು. ಕಾಯ್ದೆಯ ಲೆಕ್ಕ, ಒಪ್ಪಂದದ ಲೆಕ್ಕ ಎರಡನ್ನೂ ಬೇರೆ ಬೇರೆ ಹಾಕಿ, ನಿಮಗೆ ಹೆಚ್ಚು ಕೊಡುವುದನ್ನು ಕೇಳಿ.

ದರದಲ್ಲೂ ತಪ್ಪು ಅಡಗಿರುತ್ತದೆ. ಮೂಲ ದರ ಗಂಟೆಗೆ 40 ಡಾಲರ್, ರಾತ್ರಿ ಪಾಳಿಯ ಭತ್ಯೆ 2, ಸೇವಾವಧಿಯ ಭತ್ಯೆ ಗಂಟೆಗೆ ಹಂಚಿದರೆ 1 ಎಂದುಕೊಳ್ಳಿ. ಓವರ್‌ಟೈಮ್ ದರವನ್ನು 43ರ ಮೇಲೆ ಕಟ್ಟಬೇಕು: 64.50 ಡಾಲರ್. ಬರೀ 40ರ ಮೇಲೆ ಕಟ್ಟಿ 60 ಕೊಟ್ಟಿದ್ದರೆ ಆ 6 ಗಂಟೆಗೆ 27 ಡಾಲರ್ ಕಡಿಮೆ. ಅವಧಿಗಳು ವರ್ಷಕ್ಕೆ 13, ಮೊತ್ತ 351.

ಇವತ್ತೇ ಒಂದು ಪುಸ್ತಕ ತೆಗೆದು ಬಂದ ಹೊತ್ತು, ಹೋದ ಹೊತ್ತು, ಮಾಡಿದ ಕೆಲಸವನ್ನು ಅಂದಂದೇ ಬರೆಯಿರಿ. ಇಲಾಖೆಯ ದಾಖಲೆ ಸರಿಯಿಲ್ಲದಿದ್ದರೆ ನೌಕರನ ನ್ಯಾಯಸಮ್ಮತ ಅಂದಾಜೇ ಸಾಕು, ಅದು ತಪ್ಪೆಂದು ತೋರಿಸುವ ಭಾರ ಉದ್ಯೋಗದಾತರದು ಎಂದು ಸುಪ್ರೀಂ ಕೋರ್ಟಿನ 1946ರ ಮೌಂಟ್ ಕ್ಲೆಮೆನ್ಸ್ ಪಾಟರಿ ತೀರ್ಪು ಹೇಳುತ್ತದೆ. ರೇಡಿಯೊ ದಾಖಲೆ, ಬಾಡಿ ಕ್ಯಾಮೆರಾದ ಸಮಯ, ಗಸ್ತು ವಾಹನದ ಲಾಗಿನ್ ಎಲ್ಲವೂ ನಿಮ್ಮ ಪರ ನಿಲ್ಲುತ್ತವೆ. ಆದರೆ ಅವನ್ನು ನೀವೇ ನಕಲು ಮಾಡಿ ಮನೆಗೆ ಒಯ್ಯಬೇಡಿ. ಪ್ರಕರಣದ ಗೋಪ್ಯ ಮಾಹಿತಿ ಹೊರಗೆ ಹೋದರೆ ಅದೇ ನಿಮ್ಮ ಮೇಲೆ ತಿರುಗುತ್ತದೆ. ಯಾವ ದಿನಾಂಕಗಳ ದಾಖಲೆ ಎಂದು ಹೆಸರಿಸಿ, ಅವನ್ನು ಅಳಿಸದೆ ಇಟ್ಟುಕೊಳ್ಳಿ ಎಂದು ಇಲಾಖೆಯನ್ನು ಲಿಖಿತವಾಗಿ ಕೇಳಿ. ಹಾಜರಿ ಚೀಟಿಗಳನ್ನು ಎರಡು ವರ್ಷವಷ್ಟೇ ಇಡುವ ಕಡ್ಡಾಯವಿದೆ, ತಡ ಮಾಡಬೇಡಿ.

ಪ್ರಶ್ನೆ: ಮೇಡಂ, ನವೆಂಬರಿನಲ್ಲಿ ಬೇಸಿಗೆ ಸಮಯ ಮುಗಿದು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಸರಿಸಿದ ರಾತ್ರಿ ನಾನೂ ಪಾಳಿಯಲ್ಲಿದ್ದೆ. ಆ ಗಂಟೆ ಬಂದಿಲ್ಲ. ಸಂಘದ ಮೂಲಕ ದೂರು ಕೊಟ್ಟಿದ್ದೇನೆ, ಕಾಯುತ್ತಾ ಇರಬಹುದೇ?

ಉತ್ತರ: ರಾತ್ರಿ 10ರಿಂದ ಬೆಳಿಗ್ಗೆ 6ರವರೆಗಿನ ಪಾಳಿ ಆ ದಿನ 9 ಗಂಟೆಯಾಗುತ್ತದೆ. ತಂತ್ರಾಂಶ ಗಡಿಯಾರದ ಅಂಕಿ ಕಳೆದು 8 ಎಂದುಬಿಡುತ್ತದೆ. ಬಹಳ ಕಡೆ ನೋಡಿದ ತಪ್ಪಿದು, ಒಂದು ಪತ್ರದಲ್ಲಿ ಸರಿಹೋಗುತ್ತದೆ. ಆದರೆ ಸುಮ್ಮನೆ ಕಾಯಬೇಡಿ. ಕೋರ್ಟಿಗೆ ಹೋಗಲು ಕಾಯ್ದೆಯಲ್ಲಿರುವ ಅವಧಿ ಎರಡು ವರ್ಷ, ಉದ್ದೇಶಪೂರ್ವಕ ಉಲ್ಲಂಘನೆಯಾದರೆ ಮೂರು. ಸಂಘದ ದೂರು ನಡೆಯುತ್ತಿದೆ ಎಂಬ ಕಾರಣಕ್ಕೆ ಅದು ನಿಲ್ಲುವುದಿಲ್ಲ, ಪ್ರತಿ ಸಂಬಳದ ದಿನಕ್ಕೂ ಬೇರೆಯಾಗಿ ಓಡುತ್ತದೆ. ಕಾರ್ಮಿಕ ಇಲಾಖೆಯ ವೇತನ ಮತ್ತು ಕಾಲಾವಧಿ ವಿಭಾಗದಲ್ಲೂ ದೂರು ಕೊಡಬಹುದು. ಬಾಕಿಯನ್ನು ಒಂದೇ ಸಾಲಿನಲ್ಲಿ ‘ಹೊಂದಾಣಿಕೆ’ ಎಂದು ಕೊಟ್ಟರೆ, ಯಾವ ದಿನದ ಎಷ್ಟು ಗಂಟೆ, ಯಾವ ದರ ಎಂಬ ಪಟ್ಟಿ ಸಿಗುವವರೆಗೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಹಣದ ಬದಲು ರಜೆ ಕೊಡುತ್ತೇವೆಂದರೆ ಅದಕ್ಕೆ ಮೊದಲೇ ಒಪ್ಪಂದವಿರಬೇಕು. ಓವರ್‌ಟೈಮಿನ ಒಂದು ಗಂಟೆಗೆ ಒಂದೂವರೆ ಗಂಟೆ ರಜೆ, ಒಟ್ಟು 480 ಗಂಟೆಯವರೆಗೆ ಮಾತ್ರ.

ಪ್ರಶ್ನೆ: ನಾನು ಪೊಲೀಸ್ ಅಲ್ಲ, ತುರ್ತು ಕರೆಗಳ ಕೊಠಡಿಯಲ್ಲಿ ನಾಗರಿಕ ಸಿಬ್ಬಂದಿ. ನನ್ನ ನಾಲ್ಕು ವಾರಗಳ ಗಂಟೆಗಳು 52, 36, 48, 34. ಒಟ್ಟು 170, ಹಾಗಾಗಿ ಓವರ್‌ಟೈಮ್ ಇಲ್ಲ ಎನ್ನುತ್ತಾರೆ. ಸರಿಯೇ ಅಕ್ಕಾ?

ಉತ್ತರ: ಖಂಡಿತ ಸರಿಯಲ್ಲ. 171 ಗಂಟೆಯ ಮಿತಿ ಬಂಧಿಸುವ ಅಧಿಕಾರವಿರುವ ಪೊಲೀಸರಿಗೆ ಮಾತ್ರ. ಅದೇ ಇಲಾಖೆಯ ನಾಗರಿಕ ಸಿಬ್ಬಂದಿಗೆ, ಕರೆ ಸ್ವೀಕರಿಸುವವರಿಗೆ, ವಾರಕ್ಕೆ 40ರ ಲೆಕ್ಕವೇ. ಒಂದು ವಾರದ ಕೊರತೆಯನ್ನು ಇನ್ನೊಂದು ವಾರದ ಹೆಚ್ಚಳದಿಂದ ತುಂಬುವಂತಿಲ್ಲ. ಮೊದಲ ವಾರ 12, ಮೂರನೇ ವಾರ 8, ಒಟ್ಟು 20 ಗಂಟೆಗೆ ಒಂದೂವರೆ ಪಟ್ಟು ಬರಬೇಕು. ತಂತ್ರಾಂಶ ಅಳವಡಿಸುವಾಗ ಇಡೀ ಇಲಾಖೆಯನ್ನು ಪೊಲೀಸರ ಗುಂಪಿಗೆ ಸೇರಿಸಿಬಿಟ್ಟಿರಬೇಕು. ನಿಮ್ಮ ಹುದ್ದೆಯನ್ನು ಯಾವ ಗುಂಪಿನಲ್ಲಿ ಇಟ್ಟಿದ್ದಾರೆ, ಯಾವ ದಿನಾಂಕದಿಂದ ಎಂದು ವೇತನ ವಿಭಾಗಕ್ಕೆ ಇಮೇಲ್ ಬರೆಯಿರಿ. ಕೊಠಡಿಯ ಎಲ್ಲರೂ ಸೇರಿ ಬರೆದರೆ ಇನ್ನೂ ಒಳ್ಳೆಯದು. ಉತ್ತರ ಬಂದ ಮೇಲೆ ಹೆಸರು ಮರೆಮಾಡಿ ಇಲ್ಲಿ ಹಾಕಿ, ಬಾಕಿಯ ಲೆಕ್ಕವನ್ನು ವಾರವಾರು ಹಾಕಿಕೊಡುತ್ತೇನೆ.