ಅಪ್‌ಡೇಟ್: ಒಂದು ಉದ್ದ, ಎರಡು ಚಿಕ್ಕ ಬೀಪ್ ಸರಿಹೋಯಿತು

ಅಣ್ಣನ ಹಳೇ ಡೆಸ್ಕ್‌ಟಾಪ್ ಆನ್ ಮಾಡಿದರೆ ಫ್ಯಾನ್ ತಿರುಗುತ್ತದೆ, ಸ್ಕ್ರೀನ್ ಮಾತ್ರ ಕಪ್ಪು, ಒಂದು ಉದ್ದ ಎರಡು ಚಿಕ್ಕ ಬೀಪ್ ಬರುತ್ತದೆ ಅಂತ ಕೇಳಿದ್ದೆ ಅಲ್ವಾ? ಸರಿಹೋಯಿತು.

‘ಬಯಾಸ್ ಯಾವುದು ಅಂತ ಮೊದಲು ನೋಡಿ’ ಅಂದವರಿಗೆ ತುಂಬಾ ಥ್ಯಾಂಕ್ಸ್. ಬಯಾಸ್ ಅಂದರೆ ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ, ಬೋರ್ಡಿನಲ್ಲೇ ಇರುವ ಪ್ರೋಗ್ರಾಂ. ಬೋರ್ಡಿನ ಚಿಪ್ ಮೇಲೆ ಅವಾರ್ಡ್ ಅಂತ ಬಯಾಸ್ ಕಂಪನಿಯ ಹೆಸರಿತ್ತು. ಅದರಲ್ಲಿ ಈ ಬೀಪ್ ಅಂದರೆ ಡಿಸ್‌ಪ್ಲೇ ತೊಂದರೆ. ಎಎಂಐ ಅನ್ನುವ ಇನ್ನೊಂದು ಕಂಪನಿಯ ಬಯಾಸ್‌ನಲ್ಲಿ ಲೆಕ್ಕವೇ ಬೇರೆ, ಮೂರು ಚಿಕ್ಕ ಬೀಪ್ ಬಂದರೆ ರ‍್ಯಾಮ್ ನೋಡಬೇಕು. ಆನ್ ಆದ ತಕ್ಷಣ ಬಯಾಸ್ ಭಾಗಗಳೆಲ್ಲ ಸರಿ ಇವೆಯಾ ಅಂತ ನೋಡುವ ಪರೀಕ್ಷೆಯ (ಇದಕ್ಕೆ ‘ಪೋಸ್ಟ್’ ಅಂತಾರೆ) ಹೊತ್ತಿಗೆ ಸ್ಕ್ರೀನ್ ಇನ್ನೂ ಶುರುವಾಗಿರುವುದಿಲ್ಲ. ಅದಕ್ಕೇ ತೊಂದರೆ ಏನು ಅಂತ ಶಬ್ದದಲ್ಲಿ ಹೇಳುತ್ತದೆ. ಎಷ್ಟು ಒಳ್ಳೆಯ ಏರ್ಪಾಡು!

ಪವರ್ ವೈರ್ ಕಿತ್ತು, ಸ್ಲಾಟಿನ ಲಾಕ್ ಒತ್ತಿ, ಸ್ಕ್ರೀನಿಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡ್ ತೆಗೆದೆ. ಚಿನ್ನದ ಬಣ್ಣದ ಅಂಚಿನ ಮೇಲೆ ಕಂದು ಪದರ ಕೂತಿತ್ತು. ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಲಾಕ್ ‘ಟಕ್’ ಅನ್ನುವ ತನಕ ಒತ್ತಿ ಕೂರಿಸಿದೆ. ಈಗ ಒಂದೇ ಚಿಕ್ಕ ಬೀಪ್, ಅಂದರೆ ಎಲ್ಲಾ ಸರಿ. ಹೊಸ ಕಾರ್ಡಿನ ದುಡ್ಡು ಉಳಿಯಿತು.

ಬೀಪೇ ಬರದವರು ಸುಮ್ನೆ ಗಾಬರಿಯಾಗಬೇಡಿ. ಈಗಿನ ಎಷ್ಟೋ ಬೋರ್ಡ್‌ಗಳ ಜೊತೆ ಸ್ಪೀಕರ್ ಬರುವುದಿಲ್ಲ. ಬೆಂಗಳೂರಿನ ಎಸ್.ಪಿ. ರೋಡ್ ಅಂಗಡಿಗಳಲ್ಲಿ ಚಿಕ್ಕ ಸ್ಪೀಕರ್ ಕೇಳಿ, ಬೋರ್ಡಿನ ಸ್ಪೀಕರ್ ಪಿನ್‌ಗಳಿಗೆ ಸಿಕ್ಕಿಸಿ ನೋಡಿ.